ಚಾಲೂ ಆಗದ ಗಣಕಯಂತ್ರ ಮತ್ತು ನಮ್ಮ ಶಾಲೆಗಳು

ಗಣಕಯಂತ್ರವು ನಮ್ಮ ಶಾಲೆಗಳಿಗೆ ಈಗ ಹೊಸ ಅತಿಥಿಯಾಗಿ ಉಳಿದಿಲ್ಲ. ನಮ್ಮ ರಾಜ್ಯದ 'ಮಾಹಿತಿ ಸಿಂಧು' ಯೋಜನೆ, ೨೦೦೪ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ಶಾಲೆಗಳಿಗಾಗಿ ಆರಂಭಿಸಿದ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ ಯೋಜನೆ, ಇವೆರಡರ ಜೊತೆಗೆ ದಾನಿಗಳ ಔದಾರ್ಯ ಹಾಗೂ ಹಳೆಯ ವಿದ್ಯಾರ್ಥಿಗಳ ಅಭಿಮಾನ, ಹೀಗೆ ಹಲವು ದಾರಿಗಳಿಂದ ಅವು ನಮ್ಮ ಕೊಠಡಿಗಳನ್ನು ಸೇರಿವೆ. ಬೆಳಗಾವಿ ನಗರದ ದೊಡ್ಡ ಪ್ರೌಢಶಾಲೆಗಳಲ್ಲಿ ಇರುವಂತೆಯೇ ಖಾನಾಪುರ ತಾಲೂಕಿನ ಅರಣ್ಯದಂಚಿನ ಹಳ್ಳಿಗಳಲ್ಲಿಯೂ ಅವು ಇವೆ. ಇದು ಸಂತೋಷದ ಸಂಗತಿ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬಂದ ಯಂತ್ರಗಳ ಪೈಕಿ ಎಷ್ಟು ನಡೆಯುತ್ತಿವೆ, ನಿಂತವು ಏಕೆ ನಿಂತವು, ನಿಂತಾಗ ನಾವು ಏನು ಮಾಡಿದೆವು ಎಂಬ ಪ್ರಶ್ನೆಗಳನ್ನು ಕೇಳಿಕೊಳ್ಳುವ ರೂಢಿ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಯಂತ್ರ ಬಂದ ದಿನ ಸಮಾರಂಭ ನಡೆಯುತ್ತದೆ; ನಿಂತ ದಿನ ಅದರ ಮೇಲೊಂದು ಬಟ್ಟೆ ಹೊದಿಸಲಾಗುತ್ತದೆ.

ಈ ಪ್ರಶ್ನೆಗಳಿಗೆ ಇಂದು ವಿಶೇಷ ಮಹತ್ವ ಬಂದಿದೆ. ೨೦೨೫ರ ಅಕ್ಟೋಬರ ೧೪ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ೧೦ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಹತ್ತು ಹನ್ನೆರಡು ವರ್ಷ ದುಡಿದ ಯಂತ್ರಗಳನ್ನು ಇನ್ನಷ್ಟು ಕಾಲ ಉಳಿಸಿಕೊಳ್ಳುವ ಚಿಂತೆ ಎಲ್ಲ ಶಾಲೆಗಳನ್ನೂ ಕಾಡುತ್ತಿದೆ. ಎರಡು ಗಿಗಾಬೈಟಿನ ಯಂತ್ರದಲ್ಲಿ ಇಂದಿನ ತಂತ್ರಾಂಶಗಳು ಎಳೆದೆಳೆದು ನಡೆಯುತ್ತವೆ. "ಶಾಲೆಗೆ ಏನು ಕೊಡಲಿ?" ಎಂದು ಕೇಳುವ ಹಳೆಯ ವಿದ್ಯಾರ್ಥಿಗೆ "ರ‍್ಯಾಮ್ ಕೊಡಿಸಿರಿ" ಎಂಬ ಉತ್ತರ ಸಹಜವಾಗಿಯೇ ಸಿಗುತ್ತದೆ. ಹೊಸ ಯಂತ್ರದ ಬೆಲೆಯ ಒಂದು ಸಣ್ಣ ಪಾಲಿನಲ್ಲಿ ಹಳೆಯ ಯಂತ್ರಕ್ಕೆ ಚೈತನ್ಯ ಬರುವುದಾದರೆ ಅದಕ್ಕಿಂತ ಸಾರ್ಥಕವಾದ ದಾನ ಯಾವುದು?

ಆದರೆ ರ‍್ಯಾಮ್ ಹಾಕಿ ಗುಂಡಿ ಒತ್ತಿದಾಗ ಫ್ಯಾನು ತಿರುಗುತ್ತದೆ, ದೀಪ ಹೊತ್ತುತ್ತದೆ, ಮಾನಿಟರಿನ ಮೇಲೆ ಮಾತ್ರ ಏನೂ ಮೂಡುವುದಿಲ್ಲ. ಹೀಗಾದ ಯಂತ್ರವನ್ನು 'ಸತ್ತಿತು' ಎಂದು ತೀರ್ಮಾನಿಸಿ ಮೂಲೆಗೆ ಸರಿಸುವುದು ನಾವು ಅನೇಕ ಕಡೆ ಕಾಣುವ ಸಂಗತಿ. ಮುಂದೆ ಅದು ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಒಂದು ಸಾಲಾಗಿ ಮಾತ್ರ ಉಳಿಯುತ್ತದೆ. ದಾನಿಗೂ ಬೇಸರ, ಗುರುಗಳಿಗೂ ಸಂಕೋಚ, ಮಕ್ಕಳಿಗಂತೂ ನಷ್ಟ. ನಾವು ಇಲ್ಲಿ ಹೇಳಹೊರಟಿರುವ ವಿಚಾರ ಇಷ್ಟೇ: ಇಂಥ ಯಂತ್ರಗಳಲ್ಲಿ ಬಹುತೇಕ ಕೆಟ್ಟಿರುವುದಿಲ್ಲ. ದೋಷವನ್ನು ಕ್ರಮವಾಗಿ ಹುಡುಕುವ ವಿದ್ಯೆ ನಮ್ಮ ಶಾಲೆಯ ಒಳಗೇ ಇರಬೇಕು. ಅದನ್ನು ಗುರುಗಳೂ ಮಕ್ಕಳೂ ಕಲಿಯಬೇಕು, ಆಡಳಿತ ಮಂಡಳಿಯು ಅದಕ್ಕೆ ಅನುಮತಿ ಕೊಡಬೇಕು, ದಾನಿಗಳು ಅದಕ್ಕೆ ಅನುಕೂಲವಾಗುವಂತೆ ದಾನ ಮಾಡಬೇಕು.

ಮೊದಲು ರ‍್ಯಾಮ್ ಎಂದರೇನೆಂಬುದನ್ನು ತಿಳಿದುಕೊಳ್ಳೋಣ. ಹಾರ್ಡ್ ಡಿಸ್ಕು ಶಾಲೆಯ ಗ್ರಂಥಾಲಯವಿದ್ದಂತೆ. ಅಲ್ಲಿಟ್ಟದ್ದು ವಿದ್ಯುತ್ತು ಹೋದರೂ ಉಳಿಯುತ್ತದೆ. ರ‍್ಯಾಮ್ ಎಂಬುದು ಮಗುವಿನ ಕೈಯಲ್ಲಿಯ ಪಾಟಿ. ಲೆಕ್ಕ ಮಾಡುವಷ್ಟು ಹೊತ್ತು ಅದರ ಮೇಲೆ ಬರೆಯುವುದು, ಮುಗಿದೊಡನೆ ಒರೆಸುವುದು. ಪಾಟಿ ದೊಡ್ಡದಾದಷ್ಟೂ ಒಮ್ಮೆಗೆ ಹೆಚ್ಚು ಲೆಕ್ಕ ಹಿಡಿಯುತ್ತದೆ. ಗುಂಡಿ ಒತ್ತಿದ ಕೂಡಲೇ ಯಂತ್ರವು ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಪ್ರೊಸೆಸರಿನ ನಂತರ ಬೇಗನೆ ರ‍್ಯಾಮಿನ ಸರದಿ ಬರುತ್ತದೆ. ಮಾನಿಟರಿನ ಮೇಲೆ ಅಕ್ಷರ ಮೂಡುವುದು ಸಾಮಾನ್ಯವಾಗಿ ಅದಾದ ಮೇಲೆಯೇ. ಆದುದರಿಂದ ರ‍್ಯಾಮಿನಲ್ಲಿ ತೊಡಕಾದರೆ ಯಂತ್ರವು ತನಗೇನಾಗಿದೆಯೆಂದು ಬರೆದು ತೋರಿಸಲಾರದು. ಪಾಟಿಯೇ ಇಲ್ಲದವನು ಉತ್ತರ ಬರೆಯುವುದೆಲ್ಲಿ? ಕಪ್ಪು ಪರದೆಯನ್ನು ಕಂಡು ನಾವು ಮರಣವೆಂದು ಭಾವಿಸುವುದು ಈ ಮೌನವನ್ನೇ.

'ಚಾಲೂ ಆಗುವುದಿಲ್ಲ' ಎಂಬ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ಸ್ಥಿತಿಗಳು ಅಡಗಿವೆ. ಗುಂಡಿ ಒತ್ತಿದರೂ ಫ್ಯಾನು ತಿರುಗದಿದ್ದರೆ ವಿದ್ಯುತ್ತಿನ ದಾರಿಯನ್ನು ನೋಡಬೇಕು. ಕ್ಯಾಬಿನೆಟ್ ತೆರೆದಾಗ ಒಳಗಿನ ಯಾವುದೋ ವಾಯರು ಸಡಿಲಾಗಿರಬಹುದು. ಫ್ಯಾನು ತಿರುಗಿಯೂ ಪರದೆ ಕಪ್ಪಾಗಿದ್ದರೆ ಮೊದಲ ಸಂಶಯ ರ‍್ಯಾಮಿನ ಮೇಲೆ. ಕೆಲವು ಕ್ಷಣ ನಡೆದು ತಾನೇ ಆರಿ ಮತ್ತೆ ಹೊತ್ತುವುದು ಪುನಃ ಪುನಃ ನಡೆದರೆ ಆಗಲೂ ಸಂಶಯ ಬಹುತೇಕ ಅದರ ಮೇಲೆಯೇ. ತಯಾರಕರ ಹೆಸರು ಪರದೆಯ ಮೇಲೆ ಬಂದು ವಿಂಡೋಸ್ ತೆರೆಯುವ ಹೊತ್ತಿಗೆ ನಿಂತರೆ ರ‍್ಯಾಮ್ ಗುರುತಿಸಲ್ಪಟ್ಟಿದೆ ಎಂದಾಯಿತು. ಅದರೊಳಗೆ ದೋಷವಿರಬಹುದು, ಇಲ್ಲವೆ ಹಾರ್ಡ್ ಡಿಸ್ಕಿನ ವಾಯರು ಕಳಚಿರಬಹುದು. ವೈದ್ಯರು ರೋಗಿಯನ್ನು ಮುಟ್ಟುವ ಮೊದಲು ಲಕ್ಷಣ ಕೇಳುವಂತೆ, ಈ ನಾಲ್ಕರಲ್ಲಿ ಯಾವುದೆಂದು ಒಂದು ಕಾಗದದ ಮೇಲೆ ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಇನ್ನು ಹುಡುಕುವ ಕ್ರಮ. ಇದರ ಮೊದಲ ಸೂತ್ರ ಸರಳವಾದುದು: ಕೊನೆಯಲ್ಲಿ ಏನನ್ನು ಬದಲಿಸಿದೆವೋ ಅದನ್ನು ಮೊದಲು ಹಿಂದಕ್ಕೆ ತೆಗೆದುಕೊಳ್ಳಬೇಕು. ವಿದ್ಯುತ್ತಿನ ವಾಯರನ್ನು ಗೋಡೆಯಿಂದ ಕಿತ್ತು, ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು ಒಳಗುಳಿದ ವಿದ್ಯುತ್ತನ್ನು ಬಿಟ್ಟು, ಕ್ಯಾಬಿನೆಟ್ಟಿನ ಲೋಹವನ್ನು ಕೈಯಿಂದ ಮುಟ್ಟಿ, ಆ ಮೇಲೆ ಹೊಸ ರ‍್ಯಾಮನ್ನು ತೆಗೆದು ಹಳೆಯದನ್ನು ಅದರ ಮೂಲ ಸ್ಥಳದಲ್ಲಿ ಕೂರಿಸಬೇಕು. ಲೋಹವನ್ನು ಮುಟ್ಟುವುದು ಶಾಸ್ತ್ರಕ್ಕಾಗಿ ಅಲ್ಲ. ಬೇಸಿಗೆಯ ಒಣ ಹವೆಯಲ್ಲಿ ನಮ್ಮ ಮೈಯಲ್ಲಿ ಸೇರಿಕೊಳ್ಳುವ ಸ್ಥಿರ ವಿದ್ಯುತ್ತು ನಮಗೆ ಅರಿವಾಗದಿದ್ದರೂ ರ‍್ಯಾಮಿನ ಸೂಕ್ಷ್ಮ ಭಾಗಗಳನ್ನು ಸುಡಬಲ್ಲದು. ಹಳೆಯ ರ‍್ಯಾಮಿನಿಂದ ಯಂತ್ರ ಎದ್ದರೆ ಅತ್ಯಂತ ದೊಡ್ಡ ಭಯ ಅಲ್ಲಿಗೇ ತೀರಿತು, ಯಂತ್ರ ಜೀವಂತವಿದೆ. ಆಗ ಉಳಿಯುವ ಪ್ರಶ್ನೆ ಹೊಸ ರ‍್ಯಾಮ್ ಈ ಯಂತ್ರಕ್ಕೆ ಏಕೆ ಹೊಂದಲಿಲ್ಲ ಎಂಬುದು ಮಾತ್ರ.

ಹಳೆಯದನ್ನು ಹಾಕಿದರೂ ಏಳದಿದ್ದರೆ ಎದೆಗುಂದಬೇಕಾಗಿಲ್ಲ. ರ‍್ಯಾಮ್ ಪೂರ್ತಿಯಾಗಿ ಕೂರದಿರುವುದು ಈ ತೊಂದರೆಯ ಸರ್ವಸಾಮಾನ್ಯ ಕಾರಣ. ಎರಡೂ ತುದಿಗಳಲ್ಲಿ ಸಮನಾಗಿ ಒತ್ತಿದಾಗ ಪಕ್ಕದ ಹಿಡಿಕೆಗಳು 'ಟಕ್' ಎಂದು ತಾವೇ ಮುಚ್ಚಿಕೊಳ್ಳಬೇಕು. ಒಂದು ತುದಿ ಕೂದಲೆಳೆಯಷ್ಟು ಮೇಲಿದ್ದರೂ ಯಂತ್ರ ಏಳದು. ಒಂದಕ್ಕಿಂತ ಹೆಚ್ಚು ರ‍್ಯಾಮ್ ಇದ್ದರೆ ಎಲ್ಲವನ್ನೂ ತೆಗೆದು, ಕೈಪಿಡಿಯಲ್ಲಿ ಹೇಳಿದ ಸ್ಲಾಟಿನಲ್ಲಿ ಒಂದನ್ನೇ ಇಟ್ಟು ನೋಡಬೇಕು. ನಂತರ ಅದೇ ಸ್ಲಾಟಿನಲ್ಲಿ ಎರಡನೆಯದನ್ನು. ನಂತರ ಒಳ್ಳೆಯದೆಂದು ತಿಳಿದ ರ‍್ಯಾಮನ್ನು ಬೇರೆ ಸ್ಲಾಟಿನಲ್ಲಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬುದು ಇಲ್ಲಿಯ ಕಟ್ಟುನಿಟ್ಟಾದ ನಿಯಮ. ಹೀಗೆ ಮಾಡಿದರೆ ದೋಷವಿರುವುದು ರ‍್ಯಾಮಿನಲ್ಲೋ ಸ್ಲಾಟಿನಲ್ಲೋ ಎಂಬುದು ನಾಲ್ಕಾರು ಪ್ರಯತ್ನಗಳಲ್ಲಿ ಸ್ಪಷ್ಟವಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ಕಿತ್ತು ಒಟ್ಟಿಗೆ ಜೋಡಿಸಿದವನಿಗೆ, ಯಂತ್ರ ಎದ್ದರೂ ಏಕೆ ಎದ್ದಿತೆಂಬುದು ತಿಳಿಯುವುದಿಲ್ಲ.

ಇಲ್ಲಿ ನಮ್ಮ ನಾಡಿನ ಹವೆಯನ್ನೂ ಗಮನಿಸಬೇಕು. ಖಾನಾಪುರ ತಾಲೂಕಿನ ಪಶ್ಚಿಮ ಭಾಗ ಸಹ್ಯಾದ್ರಿಯ ಮಡಿಲು. ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿ, ಲೋಂಡಾ ಈ ಕಡೆಗಳಲ್ಲಿ ಜೂನಿನಿಂದ ಸೆಪ್ಟೆಂಬರದವರೆಗೆ ಮಳೆ ಬಿಡುವು ಕೊಡುವುದು ಅಪರೂಪ. ಗೋಡೆ ಬೆವರುವ ಕೊಠಡಿಯಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟ ಯಂತ್ರದ ಒಳಗೆ ರ‍್ಯಾಮಿನ ಹೊಂಬಣ್ಣದ ಅಂಚು ಮಂಕಾಗುತ್ತದೆ. ಧೂಳೂ ತೇವವೂ ಸೇರಿ ಸ್ಲಾಟಿನಲ್ಲಿ ತೆಳುವಾದ ಪೊರೆ ಕಟ್ಟುತ್ತದೆ. ಹೊಸ ರ‍್ಯಾಮ್ ಹಾಕಲು ಹಳೆಯದನ್ನು ಅಲುಗಿಸಿದಾಗ, ಅಲ್ಲಿಯವರೆಗೆ ಹೇಗೋ ನಡೆಯುತ್ತಿದ್ದ ಸಂಪರ್ಕ ತಪ್ಪುತ್ತದೆ. ಇದಕ್ಕೆ ಮದ್ದು ಮಕ್ಕಳ ಕಂಪಾಸ ಪೆಟ್ಟಿಗೆಯಲ್ಲಿಯೇ ಇದೆ. ಪೆನ್ಸಿಲಿನ ಮೆತ್ತನೆಯ ರಬ್ಬರಿನಿಂದ ಆ ಅಂಚನ್ನು ಹಗುರಾಗಿ ಒರೆಸಿ, ಉದುರಿದ ಪುಡಿಯನ್ನು ಒಣ ಕುಂಚದಿಂದ ತೆಗೆದು, ಸ್ಲಾಟಿನ ಧೂಳನ್ನು ಊದುವ ಪಂಪಿನಿಂದ ತೆಗೆದರೆ ಸಾಕು. ಬಾಯಿಯಿಂದ ಊದಬಾರದು, ಉಸಿರಿನ ತೇವವೂ ತೇವವೇ.

ಅಷ್ಟಕ್ಕೂ ಏಳದಿದ್ದರೆ ಮದರ್‌ಬೋರ್ಡಿನ ಮೇಲಿರುವ, ಒಂದು ನಾಣ್ಯದಷ್ಟಿರುವ ಸಿಆರ್ ೨೦೩೨ ಎಂಬ ಬ್ಯಾಟರಿಯನ್ನು, ವಿದ್ಯುತ್ತಿನ ವಾಯರು ಕಿತ್ತಿರುವಾಗಲೇ, ಕೆಲವು ನಿಮಿಷ ತೆಗೆದಿಟ್ಟು ಮತ್ತೆ ಹಾಕಬೇಕು. ಹಳೆಯ ರ‍್ಯಾಮಿನ ವೇಗಕ್ಕೆ ತಕ್ಕಂತೆ ಯಂತ್ರವು ನೆನಪಿಟ್ಟುಕೊಂಡ ಏರ್ಪಾಡುಗಳು ಇದರಿಂದ ಅಳಿಸಿಹೋಗಿ, ಅದು ಹೊಸದನ್ನು ಹೊಸದಾಗಿ ಗುರುತಿಸಲು ತೊಡಗುತ್ತದೆ. ಆ ಮೇಲೆ ದಿನಾಂಕ ಹಿಂದಕ್ಕೆ ಹೋಗುವುದು, ಒಂದು ಕೀಲಿ ಒತ್ತಿರೆಂದು ಪರದೆಯ ಮೇಲೆ ಸೂಚನೆ ಬರುವುದು ದೋಷವಲ್ಲ. ಇನ್ನು ತೀರ ಇತ್ತೀಚಿನ ಡಿಡಿಆರ್-೫ ಯಂತ್ರಗಳಲ್ಲಿ ಹೊಸ ರ‍್ಯಾಮ್ ಹಾಕಿದ ನಂತರದ ಮೊದಲ ಚಾಲನೆಗೆ ಹಲವು ನಿಮಿಷ ಹಿಡಿಯಬಹುದು. ಯಂತ್ರವು ರ‍್ಯಾಮಿನೊಡನೆ ವೇಗವನ್ನು ಹೊಂದಿಸಿಕೊಳ್ಳುವ ಹೊತ್ತು ಅದು. ಪರದೆ ಕಪ್ಪಾಗಿದೆಯೆಂದು ಅವಸರದಿಂದ ಆರಿಸಿದವರು ಆ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಿಸಬೇಕಾಗುತ್ತದೆ.

ಮೌನದ ನಡುವೆಯೂ ಯಂತ್ರಕ್ಕೆ ಒಂದು ಭಾಷೆಯಿದೆ. ಖಾನಾಪುರವು ಕೆಂಪು ಮಣ್ಣಿನ ಕುಂಬಾರಿಕೆಗೆ ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಗ್ರಾಮ ಕುಂಬಾರಿಕೆಯ ತರಬೇತಿ ಸಂಸ್ಥೆ ಅಲ್ಲಿ ನೆಲೆಗೊಂಡದ್ದು ಆ ಕಾರಣದಿಂದಲೇ. ಗಡಿಗೆ ಕೊಳ್ಳುವ ಹೆಣ್ಣುಮಗಳು ಅದನ್ನು ಬೆರಳಿನಿಂದ ಬಡಿದು ಸಪ್ಪಳ ಕೇಳುತ್ತಾಳೆ. ಬಿರುಕು ಕಣ್ಣಿಗೆ ಕಾಣದಿದ್ದರೂ ಕಿವಿಗೆ ತಿಳಿಯುತ್ತದೆ. ಗಣಕಯಂತ್ರದ ಬೀಪ್ ಸಪ್ಪಳವೂ ಅಂಥದೇ. ಅನೇಕ ಹಳೆಯ ಯಂತ್ರಗಳಲ್ಲಿ ದೀರ್ಘವಾದ ಬೀಪ್ ಮತ್ತೆ ಮತ್ತೆ ಕೇಳಿಬಂದರೆ ರ‍್ಯಾಮಿನ ದೋಷವೆಂದು ಅರ್ಥ. ಇನ್ನು ಕೆಲವು ತಯಾರಕರಲ್ಲಿ ಮೂರು ಕಿರಿಯ ಬೀಪುಗಳು ಅದೇ ಅರ್ಥವನ್ನು ಕೊಡುತ್ತವೆ. ತಯಾರಕರಿಂದ ತಯಾರಕರಿಗೆ ಸಂಕೇತ ಬೇರೆಯಾಗುವುದರಿಂದ ಆಯಾ ಯಂತ್ರದ ಕೈಪಿಡಿಯನ್ನೇ ನೋಡಬೇಕು. ಎಲ್ಲ ರ‍್ಯಾಮನ್ನೂ ತೆಗೆದು ಚಾಲೂ ಮಾಡಿದಾಗ ಯಂತ್ರವು ಬೀಪ್ ಎಂದು ಕೂಗಿಕೊಂಡರೆ ಅದು ಶುಭಸೂಚನೆ. 'ನನ್ನ ಪಾಟಿ ಎಲ್ಲಿ?' ಎಂದು ಕೇಳುವಷ್ಟು ಪ್ರಜ್ಞೆ ಮದರ್‌ಬೋರ್ಡಿಗೂ ಪ್ರೊಸೆಸರಿಗೂ ಉಳಿದಿದೆ ಎಂದಾಯಿತು. ಆದರೆ ಹೊಸ ಯಂತ್ರಗಳಲ್ಲಿ ಸ್ಪೀಕರು ಇಲ್ಲದಿರುವುದೂ ಉಂಟು. ಅವುಗಳಲ್ಲಿ ಸಣ್ಣ ದೀಪಗಳು ಮಿನುಗಿ ದೋಷವನ್ನು ಸೂಚಿಸುತ್ತವೆ. ಕನ್ನಡ ಶಾಲೆ, ಮರಾಠಿ ಶಾಲೆಗಳೆರಡೂ ಇರುವ ಈ ತಾಲೂಕಿನಲ್ಲಿ ಈ ಸಪ್ಪಳ ಎಲ್ಲರಿಗೂ ಒಂದೇ. ಅದರ ಅರ್ಥದ ಪಟ್ಟಿಯನ್ನು ಮಕ್ಕಳ ಭಾಷೆಯಲ್ಲಿ ಬರೆದು ಕೊಠಡಿಯ ಗೋಡೆಗೆ ಅಂಟಿಸುವುದು ಮಾತ್ರ ನಮ್ಮ ಕೆಲಸ.

ಹೊಸ ರ‍್ಯಾಮ್ ಹೊಂದದಿರುವುದಕ್ಕೆ ಬಹಳಷ್ಟು ಸಲ ಕಾರಣ ಅಂಗಡಿಯಲ್ಲಿಯೇ ಹುಟ್ಟಿರುತ್ತದೆ. ದಾನಿಗಳು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕೆಂದು ಪ್ರಾರ್ಥನೆ. ರ‍್ಯಾಮಿನಲ್ಲಿ ಪೀಳಿಗೆಗಳಿವೆ. ಡಿಡಿಆರ್-೨ ಮತ್ತು ಡಿಡಿಆರ್-೩ ಎರಡಕ್ಕೂ ೨೪೦ ಸಂಪರ್ಕಗಳಿದ್ದರೂ ಮೊದಲನೆಯದು ೧.೮ ವೋಲ್ಟಿನಲ್ಲಿ, ಎರಡನೆಯದು ೧.೫ ವೋಲ್ಟಿನಲ್ಲಿ ನಡೆಯುತ್ತದೆ. ೨೦೧೪ರಲ್ಲಿ ಮಾರುಕಟ್ಟೆಗೆ ಬಂದ ಡಿಡಿಆರ್-೪ಕ್ಕೆ ೨೮೮ ಸಂಪರ್ಕಗಳು, ೧.೨ ವೋಲ್ಟು, ೨೦೨೦ರಲ್ಲಿ ಗುಣಮಾನ ನಿಗದಿಯಾದ ಡಿಡಿಆರ್-೫ಕ್ಕೆ ಅಷ್ಟೇ ಸಂಪರ್ಕಗಳು, ೧.೧ ವೋಲ್ಟು. ಒಂದರ ಸ್ಥಾನದಲ್ಲಿ ಇನ್ನೊಂದು ಕೂರದಂತೆ ಅಂಚಿನ ಕಚ್ಚನ್ನು ಬೇರೆ ಬೇರೆ ಜಾಗದಲ್ಲಿ ಮಾಡಿರುತ್ತಾರೆ. ಕೂರದ್ದನ್ನು ಬಲದಿಂದ ಒತ್ತಿದರೆ ಸ್ಲಾಟೇ ಮುರಿಯುತ್ತದೆ. ಲ್ಯಾಪ್‌ಟಾಪಿನ ರ‍್ಯಾಮ್ ಉದ್ದದಲ್ಲಿಯೇ ಚಿಕ್ಕದು. ಇವೆಲ್ಲ ಕಣ್ಣಿಗೆ ಕಾಣುವ ಭೇದಗಳು.

ಕಣ್ಣಿಗೆ ಕಾಣದ ಭೇದಗಳೂ ಉಂಟು. ದೊಡ್ಡ ಸರ್ವರುಗಳಿಗೆಂದು ಮಾಡಿದ ರಿಜಿಸ್ಟರ್ಡ್ ರ‍್ಯಾಮ್ ಹಳೆಯ ಮಾಲಿನ ಪೇಟೆಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಡಿಡಿಆರ್-೩ರಲ್ಲಿಯೂ ಡಿಡಿಆರ್-೪ರಲ್ಲಿಯೂ ಅದು ಸಾಮಾನ್ಯ ರ‍್ಯಾಮಿನ ಸ್ಲಾಟಿನಲ್ಲಿ ಸರಿಯಾಗಿ ಕೂರುತ್ತದೆ. ಆದರೆ ಸಾಮಾನ್ಯ ಡೆಸ್ಕ್‌ಟಾಪ್ ಯಂತ್ರ ಅದರಿಂದ ಏಳುವುದಿಲ್ಲ. ಅಂತೆಯೇ ಇಂಟೆಲ್ ಜಿ೪೧ ವರ್ಗದ ಹಳೆಯ ಮದರ್‌ಬೋರ್ಡುಗಳು ಒಟ್ಟು ೮ ಗಿಗಾಬೈಟಿಗಿಂತ ಹೆಚ್ಚನ್ನು ಸ್ವೀಕರಿಸುವುದಿಲ್ಲ. ಅದರೊಳಗಿನ ಪ್ರಮಾಣವಾದರೂ, ಕಡಮೆ ಚಿಪ್ಪುಗಳಲ್ಲಿ ಹೆಚ್ಚು ಸಾಮರ್ಥ್ಯ ತುಂಬಿದ ಹೊಸ ನಮೂನೆಯ ರ‍್ಯಾಮ್ ಆಗಿದ್ದರೆ ಅವು ಅದನ್ನು ಗುರುತಿಸದೆ ಕಪ್ಪು ಪರದೆಯನ್ನೇ ತೋರಿಸುತ್ತವೆ. ರ‍್ಯಾಮೂ ಒಳ್ಳೆಯದೇ, ಯಂತ್ರವೂ ಒಳ್ಳೆಯದೇ. ಹೊಂದಾಣಿಕೆ ಮಾತ್ರ ಇಲ್ಲ. ಇಂಥಲ್ಲಿ ಯಾರನ್ನೂ ದೂರದೆ ರ‍್ಯಾಮನ್ನು ಬದಲಿಸಿಕೊಳ್ಳುವುದೇ ಉಪಾಯ.

ಮತ್ತೊಂದು ಭ್ರಮೆಯನ್ನೂ ಇಲ್ಲಿ ನಿವಾರಿಸಬೇಕು. ೩೨ ಬಿಟ್ಟಿನ ವಿಂಡೋಸ್ ಇರುವ ಯಂತ್ರಕ್ಕೆ ೪ ಗಿಗಾಬೈಟಿಗಿಂತ ಹೆಚ್ಚು ರ‍್ಯಾಮ್ ಹಾಕಿದರೆ ಹೆಚ್ಚಿನ ಭಾಗ ಬಳಕೆಗೆ ಬಾರದು. ವಿಂಡೋಸ್ ೧೧ಕ್ಕೆ ೪ ಗಿಗಾಬೈಟ್ ರ‍್ಯಾಮ್ ಸಾಕೆಂಬುದು ನಿಜವಾದರೂ ಅದಕ್ಕೆ ಟಿಪಿಎಂ ೨.೦ ಎಂಬ ಭದ್ರತಾ ವ್ಯವಸ್ಥೆಯೂ ಇತ್ತೀಚಿನ ಪೀಳಿಗೆಯ ಪ್ರೊಸೆಸರೂ ಬೇಕು. ಅವಿಲ್ಲದ ಹಳೆಯ ಯಂತ್ರಕ್ಕೆ ರ‍್ಯಾಮ್ ಹಾಕಿದ ಮಾತ್ರಕ್ಕೆ ಆ ಅರ್ಹತೆ ಬಾರದು. ಅಂಥ ಯಂತ್ರಗಳಿಗೆ ಉಬುಂಟು ಮೊದಲಾದ ಮುಕ್ತ ತಂತ್ರಾಂಶಗಳೇ ಯೋಗ್ಯ. ನಮ್ಮ ರಾಜ್ಯದ ಪ್ರೌಢಶಾಲಾ ಶಿಕ್ಷಕರಿಗಾಗಿ ನಡೆದ 'ವಿಷಯ ಶಿಕ್ಷಕರ ವೇದಿಕೆ' ಎಂಬ ತರಬೇತಿ ಕಾರ್ಯಕ್ರಮದಲ್ಲಿ ಅನೇಕ ಗುರುಗಳು ಇವನ್ನು ಬಳಸಿ ಬಲ್ಲವರೇ ಆಗಿದ್ದಾರೆ.

ಈಗ ನಮ್ಮ ಮಾತಿಗೆ ಬರಬಹುದಾದ ಆಕ್ಷೇಪಗಳನ್ನು ಪರಿಶೀಲಿಸೋಣ. ಮೊದಲನೆಯದು ಅಪಾಯದ ಮಾತು. ಮಕ್ಕಳ ಕೈಯಲ್ಲಿ ವಿದ್ಯುತ್ ಯಂತ್ರ ತೆರೆಸಬಹುದೇ? ಈ ಆಕ್ಷೇಪದಲ್ಲಿ ತಥ್ಯವಿದೆ. ವಿದ್ಯುತ್ತಿನ ವಾಯರು ಗೋಡೆಗಿರುವಾಗ ಯಾವ ಕಾರಣಕ್ಕೂ ಕ್ಯಾಬಿನೆಟ್ಟಿನೊಳಗೆ ಕೈ ಹಾಕಕೂಡದು. ಪವರ್ ಸಪ್ಲೈ ಎಂಬ ಲೋಹದ ಡಬ್ಬಿಯನ್ನಂತೂ ವಾಯರು ಕಿತ್ತ ಮೇಲೆಯೂ ಶಾಲೆಯಲ್ಲಿ ಬಿಚ್ಚಲೇಬಾರದು. ಅದರೊಳಗೆ ವಿದ್ಯುತ್ತು ಸಂಗ್ರಹವಾಗಿ ಉಳಿದಿರುತ್ತದೆ. ಈ ಎರಡು ನಿಷೇಧಗಳನ್ನು ಪಾಲಿಸಿದರೆ ರ‍್ಯಾಮ್ ಇರುವ ಭಾಗದಲ್ಲಿ ಮನುಷ್ಯನಿಗೆ ಅಪಾಯವಿಲ್ಲ. ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಆಮ್ಲವನ್ನು ಗುರುಗಳ ಎದುರಿನಲ್ಲಿ ಮಕ್ಕಳ ಕೈಗೆ ಕೊಡುವ ನಾವು, ಇಷ್ಟು ಎಚ್ಚರದೊಡನೆ ಇದನ್ನೂ ಕೊಡಬಹುದು.

ಎರಡನೆಯದು ಖಾತರಿಯ ಮಾತು. ಖಾತರಿಯ ಅವಧಿಯಲ್ಲಿರುವ ಯಂತ್ರಗಳನ್ನು ಮಾರಾಟಗಾರರ ಒಪ್ಪಿಗೆಯಿಲ್ಲದೆ ತೆರೆಯಬಾರದೆಂಬುದು ಸರಿಯೇ. ಆದರೆ ನಮ್ಮ ಚರ್ಚೆ ಆ ಅವಧಿ ಮುಗಿದು ವರ್ಷಗಳೇ ಕಳೆದ ಯಂತ್ರಗಳನ್ನು ಕುರಿತದ್ದು. ಯೋಜನೆಯ ಗುತ್ತಿಗೆ ಇರುವವರೆಗೆ ಅನೇಕ ಕಡೆ ಯಂತ್ರಗಳ ಯೋಗಕ್ಷೇಮ ಗುತ್ತಿಗೆದಾರರದಾಗಿತ್ತು. ಗುತ್ತಿಗೆ ಮುಗಿದ ಮೇಲೆ ಯಂತ್ರ ಶಾಲೆಯದಾಯಿತು, ಯೋಗಕ್ಷೇಮ ಯಾರದೂ ಆಗಲಿಲ್ಲ.

ಮೂರನೆಯ ಆಕ್ಷೇಪ ಗುರುವೃಂದದಿಂದ ಬರುವಂಥದು: "ನಾವು ಪಾಠ ಹೇಳುವವರು, ಮೆಕ್ಯಾನಿಕರಲ್ಲ." ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕಗಳ ನಡುವೆ ಇನ್ನೊಂದು ಹೊರೆ ಬೇಡವೆಂಬ ಅವರ ಅಳಲನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇದನ್ನು ದುರಸ್ತಿಯೆಂದು ಎಣಿಸದೆ ಪಾಠವೆಂದು ಎಣಿಸಬೇಕೆಂಬುದು ನಮ್ಮ ವಿನಂತಿ. ಲಕ್ಷಣವನ್ನು ಬರೆದುಕೊಳ್ಳುವುದು, ಕಾರಣವನ್ನು ಊಹಿಸುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ಊಹೆಯನ್ನು ಪರೀಕ್ಷಿಸುವುದು, ಫಲಿತಾಂಶವನ್ನು ದಾಖಲಿಸುವುದು, ಇದೇ ಅಲ್ಲವೇ ನಾವು ವಿಜ್ಞಾನದ ಪುಸ್ತಕದ ಮೊದಲ ಅಧ್ಯಾಯದಲ್ಲಿ ವೈಜ್ಞಾನಿಕ ವಿಧಾನವೆಂದು ಬಾಯಿಪಾಠ ಮಾಡಿಸುವುದು? ಪುಸ್ತಕದಲ್ಲಿ ನಾಲ್ಕು ಸಾಲಾಗಿರುವ ಆ ವಿಧಾನವು, ಏಳದ ಒಂದು ಯಂತ್ರದ ಮುಂದೆ ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ ಒಂದೇ ತಾಸಿನಲ್ಲಿ ಅನುಭವವಾಗುತ್ತದೆ. ನಡೆಯುವ ಯಂತ್ರದಿಂದ ಮಗು ಟೈಪಿಂಗು ಕಲಿಯುತ್ತದೆ. ನಿಂತ ಯಂತ್ರದಿಂದ ಯೋಚಿಸುವುದನ್ನು ಕಲಿಯಬಲ್ಲದು.

ನಾಲ್ಕನೆಯದು ಯಾರೂ ಬಾಯಿಬಿಟ್ಟು ಹೇಳದ, ಆದರೆ ಎಲ್ಲಕ್ಕಿಂತ ಬಲವಾದ ಕಾರಣ: ಲೆಕ್ಕ ತಪಾಸಣೆಯ ಭಯ. ಯಂತ್ರ ಮುಟ್ಟದೆ ಕೆಟ್ಟರೆ ಯಾರ ಮೇಲೂ ದೋಷವಿಲ್ಲ. ಮುಟ್ಟಿ ಕೆಟ್ಟರೆ ಮುಟ್ಟಿದವರ ಮೇಲೆ ದೋಷ. ಈ ನ್ಯಾಯ ಇರುವವರೆಗೆ ಯಾವ ಗುರುಗಳೂ ಸ್ಕ್ರೂಡ್ರೈವರ್ ಹಿಡಿಯಲಾರರು. ಇದನ್ನು ನೀಗಿಸುವುದು ಆಡಳಿತ ಮಂಡಳಿಯ ಕೈಯಲ್ಲಿದೆ. ಖಾತರಿ ಮುಗಿದ ಯಂತ್ರಗಳನ್ನು ತೆರೆದು ಪರೀಕ್ಷಿಸಲು ನಿರ್ದಿಷ್ಟ ಗುರುಗಳಿಗೆ ಅಧಿಕಾರವಿದೆಯೆಂದು ಒಂದು ಲಿಖಿತ ಠರಾವು ಮಾಡಿದರೆ ಅರ್ಧ ಭಯ ತೊಲಗುತ್ತದೆ.

ಇದಕ್ಕೆ ಬೇಕಾದ ಮನೋಧರ್ಮ ನಮ್ಮ ಜಿಲ್ಲೆಗೆ ಹೊಸದಲ್ಲ. ಬೆಳಗಾವಿಯ ಉದ್ಯಮಬಾಗದ ಎರಕದ ಕಾರ್ಖಾನೆಗಳಲ್ಲಿ ದುಡಿಯುವವರು ಯಂತ್ರ ನಿಂತರೆ ಸಪ್ಪಳದಿಂದಲೇ ಅರ್ಧ ರೋಗ ತಿಳಿಯುತ್ತಾರೆ. ಹಳ್ಳಿಯ ರೈತರು ಪಂಪಸೆಟ್ಟು ನಿಂತ ದಿನ ಸ್ಟಾರ್ಟರಿನ ಡಬ್ಬಿಯ ಮುಂದೆ ಕೂರದೆ ಇರುವುದಿಲ್ಲ. ಅವರ ಮಕ್ಕಳೇ ನಮ್ಮ ಶಾಲೆಗಳಲ್ಲಿ ಕುಳಿತಿದ್ದಾರೆ. ಮನೆಯಲ್ಲಿ ಅವರು ಕಣ್ಣಾರೆ ಕಾಣುವ ಈ ಧೈರ್ಯ ಶಾಲೆಯ ಬಾಗಿಲಲ್ಲಿ ಏಕೆ ನಿಲ್ಲಬೇಕು? ೧೯೯೮ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಬೆಳಗಾವಿಯಲ್ಲಿಯೇ ಇದೆ. ನಗರದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ನಮ್ಮಂಥ ಶಾಲೆಗಳಿಂದ ಹೋದ ತರುಣ ತರುಣಿಯರು ಓದುತ್ತಿದ್ದಾರೆ. ಅವರು ತಿಂಗಳಿಗೊಂದು ಶನಿವಾರ ಸುಮಾರು ೨೫ ಕಿಲೋಮೀಟರು ದೂರದ ಖಾನಾಪುರಕ್ಕೆ ಬಂದು, ಯಂತ್ರವನ್ನು ತಾವೇ ಸರಿಪಡಿಸಿ ಹೋಗದೆ, ಮಕ್ಕಳ ಕೈಯಿಂದ ಸರಿಪಡಿಸಿದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಕಣಕುಂಬಿಯಂಥ ಕಡೆಯಿಂದ ಒಂದು ಯಂತ್ರವನ್ನು ಬೆಳಗಾವಿಯ ಅಂಗಡಿಗೆ ಸಾಗಿಸಿ, ಕಾದು, ಮರಳಿ ತರುವುದಕ್ಕೆ ಆಗುವ ವೆಚ್ಚವನ್ನೂ ಕಳೆಯುವ ದಿನಗಳನ್ನೂ ಎಣಿಸಿದವರಿಗೆ ಈ ಮಾತಿನ ಬೆಲೆ ತಿಳಿದೀತು.

ಆದುದರಿಂದ ನಾವು ಮೂರು ವರ್ಗದ ಮಹನೀಯರಲ್ಲಿ ಮೂರು ವಿನಂತಿಗಳನ್ನು ಮಾಡುತ್ತೇವೆ. ದಾನಿಗಳು ರ‍್ಯಾಮ್ ಕೊಳ್ಳುವ ಮೊದಲು ಶಾಲೆಯಿಂದ ಮದರ್‌ಬೋರ್ಡಿನ ಮಾದರಿಯ ಹೆಸರನ್ನೂ ಹಳೆಯ ರ‍್ಯಾಮಿನ ಮೇಲಿನ ಚೀಟಿಯ ಚಿತ್ರವನ್ನೂ ತರಿಸಿಕೊಳ್ಳಲಿ. ಹೊಂದದಿದ್ದರೆ ಬದಲಿಸಿಕೊಡುವ ಅಂಗಡಿಯಲ್ಲಿಯೇ ಕೊಳ್ಳಲಿ. ರಸೀದಿಯನ್ನು ಶಾಲೆಗೆ ಕೊಡಲಿ. ಯಂತ್ರಕ್ಕೆಂದು ಕೊಡುವ ಹಣದಲ್ಲಿ ಒಂದು ಪಾಲನ್ನು ಬ್ಯಾಟರಿ, ಕುಂಚ, ಸ್ಕ್ರೂಡ್ರೈವರ್, ಒಂದೆರಡು ಬದಲಿ ರ‍್ಯಾಮುಗಳಿಗಾಗಿ ಮೀಸಲಿಡಲಿ. ಕೊಟ್ಟ ವಸ್ತುವಿನ ಮೇಲೆ ಹೆಸರು ಬರೆಸುವುದಕ್ಕಿಂತ ಅದು ಐದು ವರ್ಷ ನಡೆದರೆ ಕೊಟ್ಟವರ ಹೆಸರು ಹೆಚ್ಚು ಕಾಲ ಉಳಿಯುತ್ತದೆ.

ಗುರುಗಳು ಪ್ರತಿಯೊಂದು ಯಂತ್ರಕ್ಕೂ ಒಂದು ಚಿಕ್ಕ ವಹಿಯನ್ನು ತೆರೆಯಲಿ. ಯಾವ ದಿನ ಏನು ಹಾಕಲಾಯಿತು, ಏನು ಕಂಡಿತು, ಏನು ಮಾಡಿದಾಗ ಎದ್ದಿತು ಎಂಬುದು ಅದರಲ್ಲಿರಲಿ. ಎದ್ದ ಯಂತ್ರವನ್ನು ಕೂಡಲೇ ನಂಬದೆ 'ಮೆಮ್‌ಟೆಸ್ಟ್೮೬ ಪ್ಲಸ್' ಎಂಬ ಉಚಿತ ತಂತ್ರಾಂಶವನ್ನು ಪೆನ್ ಡ್ರೈವಿನಿಂದ ನಡೆಸಿ, ಸಾಧ್ಯವಾದರೆ ಒಂದು ರಾತ್ರಿ ಬಿಟ್ಟು ನೋಡಲಿ. ಅದರಲ್ಲಿ ಒಂದೇ ಒಂದು ದೋಷ ಕಂಡರೂ ಆ ರ‍್ಯಾಮ್ ಬಳಕೆಗೆ ಯೋಗ್ಯವಲ್ಲ. ಇಲ್ಲದಿದ್ದರೆ ಪರೀಕ್ಷೆಯ ಅರ್ಜಿ ತುಂಬುವ ದಿನವೇ ಯಂತ್ರ ನಿಂತೀತು.

ಆಡಳಿತ ಮಂಡಳಿಯವರು ಲಿಖಿತ ಅನುಮತಿಯ ಜೊತೆಗೆ ಇನ್ನೊಂದು ಹೊಣೆಯನ್ನೂ ಹೊರಲಿ. ಎಲ್ಲ ಪರೀಕ್ಷೆಗಳ ನಂತರವೂ ಏಳದ ಯಂತ್ರಗಳು ಇದ್ದೇ ಇರುತ್ತವೆ. ಮದರ್‌ಬೋರ್ಡೇ ಸುಟ್ಟಿದ್ದರೆ ಯಾವ ಕ್ರಮವೂ ಅದನ್ನು ಎಬ್ಬಿಸಲಾರದು. ಅಂಥ ಯಂತ್ರದ ಒಳ್ಳೆಯ ಭಾಗಗಳನ್ನು ಉಳಿದವಕ್ಕೆ ಬಳಸಿಕೊಂಡು, ಮಿಕ್ಕುದನ್ನು ರದ್ದಿಯವರಿಗೆ ಕೊಡದೆ, ೨೦೨೩ರ ಏಪ್ರಿಲ್ ೧ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಿಗೆ ಅನುಸಾರವಾಗಿ ನೋಂದಾಯಿತ ಸಂಸ್ಥೆಗೆ ಒಪ್ಪಿಸಬೇಕು. ಸತ್ತದ್ದನ್ನು ಸತ್ತಿದೆಯೆಂದು ಪರೀಕ್ಷೆಯ ನಂತರ ಹೇಳುವುದಕ್ಕೂ, ಪರೀಕ್ಷೆಯಿಲ್ಲದೆ ಹೇಳುವುದಕ್ಕೂ ಬಹಳ ಅಂತರವಿದೆ.

ನಗರದ ಮಗುವಿಗೆ ಶಾಲೆಯ ಯಂತ್ರ ನಿಂತರೆ ಮನೆಯಲ್ಲಿ ಇನ್ನೊಂದು ಇರಬಹುದು. ಕಾಡಿನಂಚಿನ ಊರಿನ ಹುಡುಗಿಗೆ ವಾರಕ್ಕೊಂದು ತಾಸು ಸಿಗುವ ಶಾಲೆಯ ಯಂತ್ರವೇ ಏಕಮೇವ. ಅದು ಒಂದು ರ‍್ಯಾಮಿನ ತುದಿ ಸರಿಯಾಗಿ ಕೂರದ ಕಾರಣಕ್ಕೆ ಎರಡು ವರ್ಷ ಬಟ್ಟೆಯ ಕೆಳಗೆ ಉಳಿದರೆ, ಆಕೆಯ ಪ್ರೌಢಶಾಲೆಯ ದಿನಗಳು ಅಷ್ಟರಲ್ಲಿ ಮುಗಿದಿರುತ್ತವೆ. ಆದ್ದರಿಂದ ಬರುವ ಜೂನಿನಲ್ಲಿ ಶಾಲೆಗಳು ಆರಂಭವಾದ ಮೊದಲ ತಿಂಗಳಲ್ಲಿಯೇ, ಹೊಸ ಯಂತ್ರಗಳಿಗಾಗಿ ಮನವಿ ಬರೆಯುವ ಮುಂಚೆ, ಪ್ರತಿಯೊಂದು ಶಾಲೆಯೂ ಮೂಲೆಯಲ್ಲಿಟ್ಟ ಯಂತ್ರಗಳನ್ನು ಹೊರತೆಗೆದು ಮೇಲೆ ಹೇಳಿದ ಕ್ರಮದಲ್ಲಿ ಒಮ್ಮೆ ಪರೀಕ್ಷಿಸಲಿ. ಎಷ್ಟು ಎದ್ದವು, ಎಷ್ಟು ಏಳಲಿಲ್ಲ, ಏಕೆ ಎಂಬ ವರದಿಯನ್ನು ಮುಂದಿನ ಸಂಚಿಕೆಗೆ ಕಳಿಸಲಿ ಎಂಬುದು ನಮ್ಮ ನಮ್ರ ಸೂಚನೆ.